ಮೂವತ್ತು ಹಕ್ಕಿ, ಒಂದು ರಿಮೋಟು

ಮೊದಲೇ ಹೇಳಿಬಿಡುತ್ತೇನೆ. ಈಗ ನಾನು ಹೇಳಹೊರಟಿರುವ ಸಂಗತಿ ನಿಜವಾಗಿ ನಡೆಯಿತೋ ಇಲ್ಲವೋ ನನಗೆ ಖಾತ್ರಿಯಿಲ್ಲ. ನಡೆದಿದ್ದರೆ ಅದು ಸೊರಬದಲ್ಲಿ, ನಾನು ಆರನೆಯ ಕ್ಲಾಸು ಮುಗಿಸಿದ ಬೇಸಿಗೆ ರಜೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ ನಡೆದಿರಬೇಕು. ಆರಲ್ಲ, ಏಳೇ ಇರಬಹುದು. ಭಾನುವಾರ ಅನ್ನುವುದಕ್ಕೆ ನನ್ನ ಬಳಿ ಇರುವ ಆಧಾರವೆಂದರೆ ಅಂದು ಅಪ್ಪ ಮನೆಯಲ್ಲಿದ್ದರು ಎಂಬುದೊಂದೇ. ಆದರೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಎರಡನೇ ಶನಿವಾರವೂ ಮನೆಯಲ್ಲಿರುತ್ತಿದ್ದರು. ಅವರು ಬನಿಯನ್ನಿನಲ್ಲಿ ಈಸಿಚೇರಿನ ಮೇಲೆ ಒರಗಿ, ಪೇಪರು ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದ ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಅದೇ ಭಂಗಿಯ ಅವರ ಫೋಟೊ ಒಂದು ನಮ್ಮ ಆಲ್ಬಮ್ಮಿನಲ್ಲೂ ಇರುವುದರಿಂದ, ನಾನು ನೆನಪಿಸಿಕೊಳ್ಳುತ್ತಿರುವುದು ಅಪ್ಪನನ್ನೋ ಫೋಟೊವನ್ನೋ ಹೇಳುವುದು ಕಷ್ಟ.

ಇದು ನನ್ನ ಕಸುಬು ಅಂಟಿಸಿದ ರೋಗ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಶಿಕಾರಿಪುರದ ಕಾಲೇಜೊಂದರಲ್ಲಿ ಅದನ್ನೇ ಪಾಠ ಹೇಳುತ್ತ ಬಂದವನು ನಾನು. ರಾಜ ತಾನೇ ಕೆತ್ತಿಸಿದ ಶಾಸನವನ್ನು ರಾಜನ ಶೌರ್ಯದ ವಿಷಯದಲ್ಲಿ ನಂಬಬಾರದು ಎಂದು ವರ್ಷವರ್ಷವೂ ಹೊಸ ಮಕ್ಕಳಿಗೆ ಹೇಳಿ ಹೇಳಿ, ಈಗ ಮನೆಯಲ್ಲೂ ಅದೇ ಚಾಳಿ. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಹೆಂಡತಿ ಶೈಲಾ ಹೇಳಿದರೆ, ‘ನೋಡಿದವರು ಯಾರಾದರೂ ಇದ್ದಾರಾ?’ ಎಂದು ಬಾಯಿಗೆ ಬಂದುಬಿಡುತ್ತದೆ. ಅವಳು ಶಿಕಾರಿಪುರದವಳೇ. “ಸಾಕ್ಷಿ ನಿಮ್ಮ ನಾಲಗೇನೇ ಐತಲ್ರೀ, ಉಂಡು ನೋಡ್ರಿ” ಎಂದು ಸೌಟು ಝಾಡಿಸುತ್ತಾಳೆ. ಕುಳಿತಲ್ಲಿ ಕೂರದೆ, ಗ್ಯಾಸು ಆರಿಸಿದೆನೇ, ಬೀಗ ಹಾಕಿದೆನೇ ಎಂದು ಎದ್ದೆದ್ದು ನೋಡಿ ಬರುವ ಮನುಷ್ಯ ನಾನು. ನೋಡಿ ಬಂದ ಮೇಲೆ, ನೋಡಿದೆನೇ ಎಂಬ ಅನುಮಾನ ಬೇರೆ. ಇಂಥವನು ಜೀವಮಾನದಲ್ಲಿ ಪ್ರಶ್ನೆ ಕೇಳದೆ ಇಟ್ಟುಕೊಂಡಿದ್ದ ಹೆಮ್ಮೆ ಒಂದೇ ಒಂದು. ಆ ದಿನ ನಾನು ಒಂದೂ ಗುರಿ ತಪ್ಪದೆ ಮೂವತ್ತು ಹಕ್ಕಿ ಹೊಡೆದಿದ್ದೆ.

ಅಹಿಂಸಾವಾದಿಗಳು ಗಾಬರಿಯಾಗಬಾರದು. ಹಕ್ಕಿ ಟೀವಿಯೊಳಗಿನದು, ಬಂದೂಕು ಪ್ಲಾಸ್ಟಿಕ್ಕಿನದು. ಆ ಕಾಲಕ್ಕೆ ಅಪ್ಪ ಶಿವಮೊಗ್ಗಕ್ಕೆ ಕಚೇರಿ ಕೆಲಸಕ್ಕೆ ಹೋದವರು, ಯಾವ ಗಳಿಗೆಯಲ್ಲಿ ಮನಸ್ಸು ಮೆತ್ತಗಾಗಿತ್ತೋ, ಒಂದು ವಿಡಿಯೋ ಗೇಮ್ ತಂದಿದ್ದರು. ಬಿಳಿ ಡಬ್ಬ, ಅದಕ್ಕೆ ಬಾಲದಂತೆ ಎರಡು ರಿಮೋಟು, ಒಂದು ಪಿಸ್ತೂಲು, ಒಂದು ಹಳದಿ ಕ್ಯಾಸೆಟ್ಟು. ಕೈಯಲ್ಲಿ ಹಿಡಿದು ಆಡುವ ಗುಂಡಿಗಳ ಪಟ್ಟಿಗೆ ನಾವೆಲ್ಲ ರಿಮೋಟು ಅನ್ನುತ್ತಿದ್ದೆವು; ವೈರು ಇದ್ದರೂ ಅದು ರಿಮೋಟೇ. ಕ್ಯಾಸೆಟ್ಟಿನ ಮೇಲೆ ಲಕ್ಷಾಂತರ ಆಟ ಎಂದು ಬರೆದಿತ್ತು. ಕೂತು ನೋಡಿದರೆ ನಾಲ್ಕೈದೇ ಆಟ, ಮತ್ತೆ ಮತ್ತೆ ಬೇರೆ ಬೇರೆ ಹೆಸರಿನಲ್ಲಿ. ಆಧಾರಗಳನ್ನು ಅನುಮಾನಿಸುವ ಮೊದಲ ಪಾಠ ನಾನು ಕಲಿತದ್ದು ಆ ಕ್ಯಾಸೆಟ್ಟಿನಿಂದ. ಟೀವಿ ಹತ್ತದಿದ್ದರೆ ಕ್ಯಾಸೆಟ್ಟು ಕಿತ್ತು, ಉಫ್ ಎಂದು ಊದಿ ಮತ್ತೆ ಸಿಕ್ಕಿಸಬೇಕು. ಊದುವುದರಿಂದ ಏನಾಗುತ್ತಿತ್ತೋ ಯಾರಿಗೂ ಗೊತ್ತಿರಲಿಲ್ಲ, ಊದದೆ ಇರುವ ಧೈರ್ಯವೂ ಯಾರಿಗೂ ಇರಲಿಲ್ಲ.

ಪಿಸ್ತೂಲಿನ ಆಟ ಬಲು ಸರಳ. ಹುಲ್ಲಿನಿಂದ ಒಂದು ಬಾತುಕೋಳಿ ಪಟಪಟನೆ ಮೇಲೇಳುತ್ತದೆ. ಅದು ಹಾರಿಹೋಗುವುದರೊಳಗೆ ಮೂರು ಗುಂಡಿನಲ್ಲಿ ಹೊಡೆಯಬೇಕು. ಸುತ್ತಿಗೆ ಹತ್ತು ಹಕ್ಕಿ. ತಪ್ಪಿದರೆ ಹುಲ್ಲಿನ ಹಿಂದಿನಿಂದ ಒಂದು ಪ್ರಾಣಿ ಎದ್ದು ನಗುತ್ತಿತ್ತು. ಅದು ನಾಯಿಯೋ ನರಿಯೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತವಿರಲಿಲ್ಲ. ಆಟ ಶುರು ಮಾಡಲು ರಿಮೋಟಿನ ಗುಂಡಿ ಒತ್ತಬೇಕಿತ್ತು. ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ವೀರಭಂಗಿಯಲ್ಲಿ ನಿಂತ ನನಗೆ ಅಂಥ ಸಣ್ಣ ಕೆಲಸ ಮಾಡಲು ಪುರುಸೊತ್ತೆಲ್ಲಿ? ಅದಕ್ಕೆ ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ಸುಮಿತ್ರ ಇದ್ದಳು. ಅವಳು ಗೋಡೆಗೆ ಒರಗಿ, ಕಾಲು ಚಾಚಿ, ಮಡಿಲಲ್ಲಿ ರಿಮೋಟು ಇಟ್ಟುಕೊಂಡು ಕೂತಿರುತ್ತಿದ್ದಳು. ಗುಂಡಿ ಒತ್ತಿದ ಮೇಲೆ ಅವಳಿಗೇನೂ ಕೆಲಸವಿಲ್ಲ ಎಂದು ನಾನು ತಿಳಿದಿದ್ದೆ. ರಿಮೋಟು ಕೆಳಗಿಡು ಎಂದರೆ ಇಡುತ್ತಿರಲಿಲ್ಲ. ಹೋಗಲಿ, ಪಿಸ್ತೂಲು ಸಿಗದವಳಿಗೆ ಅಷ್ಟಾದರೂ ಸಮಾಧಾನವಿರಲಿ ಎಂದು ನಾನೂ ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೆ.

ಆ ಭಾನುವಾರ, ಅಥವಾ ಎರಡನೇ ಶನಿವಾರ, ಹಕ್ಕಿಗಳು ಒಂದರ ಹಿಂದೊಂದು ಬಿದ್ದವು. ಹತ್ತು ಮುಗಿಯಿತು, ಇಪ್ಪತ್ತು ಮುಗಿಯಿತು. ಕೈ ಬೆವರಿ ಪಿಸ್ತೂಲು ಜಾರುತ್ತಿತ್ತು. ಅಡುಗೆಮನೆಯಿಂದ ಅಮ್ಮ ಕರೆದದ್ದು ಕೇಳಿಸಿಯೂ ಓಗೊಡಲಿಲ್ಲ. ಪ್ರತಿ ಹಕ್ಕಿಗೂ ಅಕ್ಕ ಹಿಂದಿನಿಂದ ಸಣ್ಣ ದನಿಯಲ್ಲಿ, “ಇಗಾ ಬಂತು, ಹೊಡಿ” ಅನ್ನುತ್ತಿದ್ದಳು. “ಇಗಾ ಬಂತು, ಹೊಡಿ.” ಠೋ. “ಇಗಾ ಬಂತು, ಹೊಡಿ.” ಠೋ. ಅದನ್ನು ನಾನು ಕ್ರಿಕೆಟ್ಟಿನ ಕಾಮೆಂಟರಿಯಂತೆ ತಿಳಿದಿದ್ದೆ. ಆಟ ಆಡುವವನು ಆಡುತ್ತಾನೆ, ಹೇಳುವವರು ಹೇಳುತ್ತಾರೆ. ಮೂವತ್ತನೆಯ ಹಕ್ಕಿ ಬಿದ್ದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಹಾಗಾಗಿ ಮೂವತ್ತೊಂದನೆಯದನ್ನು ನಾನು ತಪ್ಪಿಸುತ್ತಿದ್ದೆ ಎಂದು ಇವತ್ತಿಗೂ ಯಾರೂ ಹೇಳುವಂತಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ನಾನು ಮೂವತ್ತರ ವರದಿ ಒಪ್ಪಿಸಿದೆ. ಅಕ್ಕ ತಲೆಯೆತ್ತದೆ ಅನ್ನ ಕಲಸುತ್ತ, “ಇಂವ ಹೊಡ್ದಿದ್ದಲ್ಲ ಅಪ್ಪಾ, ನಾನು ಹೊಡ್ಸಿದ್ದು. ಹಕ್ಕಿನ ಇವನ ಮುಂದಕ್ಕೆ ತಂದುಕೊಟ್ಟಿದ್ದು ನಾನು” ಅಂದಳು. ನಾನು ತಟ್ಟೆ ಬಿಟ್ಟು ಎದ್ದು ಅತ್ತೆ. “ಸುಳ್ಳಿ! ಹೊಟ್ಟೆಕಿಚ್ಚು ಇವಳಿಗೆ!” ಎಂದು ಕೂಗಿದೆ. ಅಪ್ಪ ತೀರ್ಪು ಕೊಡುವ ಮುಂಚೆ ತಾಲ್ಲೂಕು ಕಚೇರಿಯ ಪದ್ಧತಿಯಂತೆ ವಿಚಾರಣೆ ಮಾಡಿದರು.

“ಬಂದೂಕು ಯಾರ ಕೈಲಿತ್ತು?”

“ಇವನ ಕೈಲಿ” ಅಂದಳು ಅಕ್ಕ.

“ಕಬ್ಜಾ ಇವಂದಾದ್ರೆ ಹಕ್ಕಿನೂ ಇವಂದೇ. ಮುಗೀತು. ಮಜ್ಜಿಗೆ ಬಡ್ಸೇ.”

ಅಕ್ಕ ಮೇಲ್ಮನವಿ ಹಾಕಲಿಲ್ಲ. ಸುಮ್ಮನೆ ನಕ್ಕಳು. ಆ ನಗು ಸೋತವಳ ನಗುವೆಂದು ನಾನು ಆಗ ಓದಿಕೊಂಡೆ. ಮುಂದೆ ಹಳಗನ್ನಡ ಲಿಪಿಯನ್ನೇ ಓದಲು ಕಲಿತವನು, ಆ ನಗುವನ್ನು ಮಾತ್ರ ಎರಡನೇ ಸಲ ಓದಲಿಲ್ಲ.

ಅದೇ ವರ್ಷದ ದಸರಾ ರಜೆಯಲ್ಲೋ ಮುಂದಿನದರಲ್ಲೋ ಅಪ್ಪ ನಮ್ಮಿಬ್ಬರನ್ನೂ ಗುಡವಿಯ ಪಕ್ಷಿಧಾಮಕ್ಕೆ ಕರೆದುಕೊಂಡು ಹೋಗಿದ್ದರು. ಕೆರೆಯ ಮರಗಳ ತುಂಬ ಬಿಳಿ ಹಕ್ಕಿಗಳು, ಒಗೆದು ಹರವಿದ ಪಂಚೆಗಳಂತೆ. ಗುರಿಕಾರನಾದ ನಾನು ಬೆರಳನ್ನೇ ಪಿಸ್ತೂಲು ಮಾಡಿ ಠೋ ಠೋ ಎಂದು ಸುಟ್ಟೆ. ಕಾವಲಿನವರು ಬಂದು, “ಹಕ್ಕಿ ಹೆದರ್ತವೆ, ಬಾಯಿ ಮುಚ್ಚೋ” ಎಂದು ಗದರಿದರು. ಒಂದೂ ಬೀಳಲಿಲ್ಲ, ಒಂದೂ ನನ್ನ ಮುಂದಕ್ಕೆ ಬರಲಿಲ್ಲ. ಅವು ತಮಗೆ ಬೇಕಾದ ಕಡೆ ಹಾರಿದವು. ಅಕ್ಕ ಬಹಳ ಹೊತ್ತು ನೋಡಿ, “ಇವುಗಳ ರಿಮೋಟು ಯಾರ ಕೈಲಿದೆಯೋ!” ಅಂದಳು. ಅಪ್ಪ ಅದನ್ನು ಭಕ್ತಿಯ ಮಾತೆಂದು ತಿಳಿದು ಮಗಳ ತಲೆ ಸವರಿದರು. ನಾನು ಅದನ್ನು ಪೆದ್ದು ಮಾತೆಂದು ತಿಳಿದೆ. ಅವಳು ಬರೀ ತಾಂತ್ರಿಕವಾದ ಒಂದು ಸಂದೇಹ ಕೇಳಿದ್ದಳು.

ಮುಂದೆ ನಾನು ಎಂ.ಎ. ಮಾಡಿದೆ. ಅಕ್ಕ ಮದುವೆಯಾಗಿ ಸೊರಬದಲ್ಲೇ ಉಳಿದಳು. ಭಾವನದು ಬಸ್‌ಸ್ಟ್ಯಾಂಡಿನ ಹತ್ತಿರ ಪುಸ್ತಕ, ಪೆನ್ನಿನ ಅಂಗಡಿ. ಗಂಡನ ಮನೆಗೆ ಹೋಗುವಾಗ ಅವಳು ತನ್ನ ಟ್ರಂಕಿನಲ್ಲಿ ಆ ವಿಡಿಯೋ ಗೇಮ್ ಡಬ್ಬವನ್ನೂ ಒಯ್ದಳು. ಹಬ್ಬಕ್ಕೋ ತಿಥಿಗೋ ಸೇರಿದಾಗೆಲ್ಲ ಮೂವತ್ತು ಹಕ್ಕಿಗಳ ವ್ಯಾಜ್ಯ ಮತ್ತೆ ಏಳುತ್ತಿತ್ತು. ಈಗ ನನ್ನ ಕೈಯಲ್ಲಿ ವಿದ್ಯೆಯ ಬಂದೂಕೂ ಇತ್ತು. “ಬಾಯಿಮಾತು ನಡೆಯಲ್ಲ ಅಕ್ಕಾ, ಆಧಾರ ಎಲ್ಲಿ?” ಅನ್ನುತ್ತಿದ್ದೆ. “ಆಧಾರ ಕೇಳೋ ಜಾತಿ ನೀನು. ನೀನು ಹೆತ್ತಮ್ಮನ ಹೊಟ್ಟೇಲೇ ಹುಟ್ಟಿದ್ದು ಅನ್ನೋದಕ್ಕೆ ಆಧಾರ ತಂದಿದೀಯೇನಾ?” ಎಂದು ಅವಳು ಎಲ್ಲರನ್ನೂ ನಗಿಸುತ್ತಿದ್ದಳು. ಕೊನೆಗೊಮ್ಮೆ ಫೋನಿನಲ್ಲಿ, “ಈ ರಜೆಗೆ ಬಾರಾ. ಡಬ್ಬ ಹಂಗೇ ಇಟ್ಟಿದೀನಿ. ಒಂದ್ಸಲ ಜೊತೆಗೆ ಕೂತ್ರೆ ತೋರಿಸಿಬಿಡ್ತೀನಿ, ಹಕ್ಕಿ ಹೊಡ್ದಿದ್ದು ಯಾರು ಅಂತ” ಅಂದಳು. ನನಗೆ ಪೇಪರ್ ತಿದ್ದುವ ಕೆಲಸವಿತ್ತು. ಮುಂದಿನ ರಜೆಗೆ ಬರುತ್ತೇನೆ ಅಂದೆ. ಮುಂದಿನ ರಜೆ ಬಂತು. ಅಷ್ಟರಲ್ಲಿ ಅಕ್ಕ ಇರಲಿಲ್ಲ. ಮೂರು ದಿನದ ಜ್ವರ ಎಂದು ನಾವೆಲ್ಲ ತಿಳಿದದ್ದು ಬರೀ ಜ್ವರವಾಗಿರಲಿಲ್ಲ.

ಈಗ ಮೂರು ವರ್ಷವಾಯಿತು. ಹೋದ ಬೇಸಿಗೆಯಲ್ಲಿ ಒಂದು ದಿನ ಶೈಲಾ ಹೀರೇಕಾಯಿ ಹೆರೆಯುತ್ತ, ಗೋಡೆಗೆ ಮೊಳೆ ಹೊಡೆಯುವಾಗ ಮೂರು ಸಲ ಬೆರಳಿಗೇ ಹೊಡೆದುಕೊಂಡ ನನ್ನನ್ನು ನೋಡಿ, “ಮೂವತ್ತು ಹಕ್ಕಿ ಹೊಡ್ದವ್ರಿಗೆ ಒಂದು ಮೊಳೆ ಹೊಡಿಯಾಕೆ ಬರವಲ್ದಲ್ರೀ” ಅಂದಳು. ಮಾತು ಸಣ್ಣದು, ತಗುಲಿದ್ದು ದೊಡ್ಡದು. ಹೌದಲ್ಲ, ಇಷ್ಟು ವರ್ಷ ಊರಿಗೆಲ್ಲ ಆಧಾರ ಕೇಳಿದವನು ಈ ಮೂವತ್ತಕ್ಕೆ ಯಾವತ್ತಾದರೂ ಆಧಾರ ಹುಡುಕಿದ್ದೇನೆಯೇ? ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವತ್ತೇ ಸಂಶೋಧನೆಗೆ ಕೂತೆ.

ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲೇ ಆಡಬಹುದೆಂದು ಸಹೋದ್ಯೋಗಿಯೊಬ್ಬರು ಹೇಳಿಕೊಟ್ಟರು. ಎಮ್ಯುಲೇಟರ್ ಅನ್ನುತ್ತಾರೆ; ಹಳೆಯ ಯಂತ್ರದ ವೇಷ ಕಟ್ಟಿಕೊಂಡು ಅದರಂತೆಯೇ ಕುಣಿಯುವ ತಂತ್ರಾಂಶ. ವೇಷ ಅಚ್ಚುಕಟ್ಟಾಗಿತ್ತು. ಅದೇ ಹುಲ್ಲು, ಅದೇ ನೀಲಿ ಆಕಾಶ, ಅದೇ ನಾಯಿ ಅಥವಾ ನರಿ. ಪಿಸ್ತೂಲಿನ ಬದಲು ಮೌಸು: ಬಾಣದ ಗುರುತನ್ನು ಹಕ್ಕಿಯ ಮೇಲಿಟ್ಟು ಕ್ಲಿಕ್ ಮಾಡಿದರೆ ಸರಿ. ಮೊದಲ ಪ್ರಯತ್ನದಲ್ಲೇ ಮೂವತ್ತೂ ಬಿದ್ದವು. “ನೋಡು!” ಎಂದು ಶೈಲಾಳನ್ನು ಕರೆದೆ. ಅವಳು ಬಂದು, ಎಡಗೈಯಲ್ಲಿ ಹೀರೇಕಾಯಿ ಹಿಡಿದುಕೊಂಡೇ ಬಲಗೈಯಿಂದ ಹತ್ತು ಹಕ್ಕಿ ಕ್ಲಿಕ್ಕಿಸಿ ಬೀಳಿಸಿ, “ಇದ್ರಾಗೇನೈತ್ರೀ? ಬ್ಯಾಂಕಿನ ಫಾರಂ ತುಂಬಿದಂಗೈತಿ” ಎಂದು ಒಳಗೆ ಹೋದಳು. ಅವಳ ಮಾತು ನಿಜ. ಕೈ ಬೆವರಲಿಲ್ಲ, ತೋಳು ನೋಯಲಿಲ್ಲ, ಹಿಂದಿನಿಂದ ಯಾರೂ ಏನೂ ಹೇಳಲಿಲ್ಲ. ಅದರಲ್ಲಿ ಇನ್ನೊಂದು ಸೌಲಭ್ಯವೂ ಇತ್ತು. ಆಟವನ್ನು ಯಾವ ಗಳಿಗೆಯಲ್ಲಿ ಬೇಕಾದರೂ ಇದ್ದಂತೆಯೇ ಉಳಿಸಿಡಬಹುದು. ಗುರಿ ತಪ್ಪಿದರೆ ತಪ್ಪುವ ಮೊದಲಿನ ಗಳಿಗೆಗೆ ವಾಪಸು ಹೋಗಿ ಮತ್ತೆ ಹೊಡೆಯಬಹುದು. ಇತಿಹಾಸದವನಿಗೆ ಇದು ಪಾಪಕಾರ್ಯವೆಂದು ಮೊದಲು ಅನಿಸಿತು. ಆಮೇಲೆ, ನನ್ನ ಬದುಕಿನಲ್ಲಿ ಹಾಗೆ ಉಳಿಸಿಡಬೇಕಾಗಿದ್ದ ಗಳಿಗೆಗಳು ಯಾವುವೆಂದು ಮನಸ್ಸಿನಲ್ಲೇ ಪಟ್ಟಿ ಮಾಡತೊಡಗಿ, ಮೊದಲನೆಯದಕ್ಕೇ ನಿಂತುಬಿಟ್ಟೆ. ಅದು ಆ ಫೋನು. ಪೇಪರ್ ತಿದ್ದುವುದಿದೆ ಎಂದು ಹೇಳುವ ಒಂದು ಗಳಿಗೆ ಮೊದಲು.

ಮರುದಿನ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿ ಸೊರಬಕ್ಕೆ ಹೋದೆ. ಭಾವ ಅಂಗಡಿಯಲ್ಲಿ ಒಂದು ರೀಫಿಲ್ಲು ಗೀಚಿ ನೋಡುತ್ತ ಕೂತಿದ್ದರು. ಬಂದ ಕಾರಣ ಹೇಳಿದೆ.

“ಎಂತ ಮಾರಾಯ! ಕಾಲೇಜು ಮೇಷ್ಟ್ರು ಹಕ್ಕಿ ಹೊಡಿಯಕ್ಕೆ ಬಸ್ ಹತ್ಕಂಡು ಬಂದ್ಯಾ?” ಎಂದು ನಕ್ಕರು. ಆಮೇಲೆ ಅಂಗಡಿಗೆ ಅರ್ಧ ಬಾಗಿಲು ಎಳೆದು ಮನೆಗೆ ಕರೆದುಕೊಂಡು ಹೋದರು. ಟ್ರಂಕಿನಿಂದ ಡಬ್ಬ ತೆಗೆದುಕೊಟ್ಟರು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಮೇಲೆ ದಾರ ಕಟ್ಟಿತ್ತು. ಆ ಸೀರೆ ನನಗೆ ಗುರುತಿತ್ತು. ಗುರುತಿತ್ತು ಎಂದು ಅನಿಸಿತು.

“ಇದನ್ನ ಯಾರಿಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ ನಿಮ್ಮಕ್ಕ. ನಂಗೂ ಸಹ. ಅದು ಸಾಕ್ಷಿ, ನನ್ ತಮ್ಮ ಬರ್ತಾನೆ ಅನ್ನೋಳು” ಅಂದರು ಭಾವ.

“ಏನು ಸಾಕ್ಷಿ ಅಂತ ಹೇಳಿದ್ಲಾ ಭಾವ?”

“ಅದನ್ನ ನಾನೆಂತ ಕೇಳಲಿ? ಅಕ್ಕ-ತಮ್ಮನ ವ್ಯಾಜ್ಯ. ಹಕ್ಕಿನ ನಾನೇ ತಂದುಕೊಡ್ತಿದ್ದೆ, ಪೆದ್ದ ಅಂವ, ಈಗ್ಲೂ ನಂಬಲ್ಲ ಅನ್ನೋಳು. ತಗಂಡೋಗು. ಕೆಟ್ಟಿದ್ರೂ ಎಸಿಬೇಡ, ವಾಪಸ್ ತಂದುಕೊಡು.”

ತೊಡೆಯ ಮೇಲೆ ಸಾಕ್ಷಿ ಇಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದೆ. ಮನೆಯ ಗೋಡೆಯ ಮೇಲಿರುವುದು ತೆಳ್ಳನೆಯ ದೊಡ್ಡ ಟೀವಿ. ಹಳದಿ ಪಿನ್ನು ಸಿಕ್ಕಿಸಿ, ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಸ್ವಿಚ್ಚು ಹಾಕಿದೆ. ಹತ್ತಿತು! ಹುಲ್ಲು ಬಂತು, ಹಕ್ಕಿ ಹಾರಿತು. ಪಿಸ್ತೂಲು ಎತ್ತಿ ಹೊಡೆದೆ. ಏನೂ ಆಗಲಿಲ್ಲ. ಹತ್ತಿರ ಹೋಗಿ ಹೊಡೆದೆ. ನಳಿಗೆಯನ್ನು ಗಾಜಿಗೇ ಒತ್ತಿ ಹೊಡೆದೆ. ಹತ್ತೂ ಹಕ್ಕಿ ನನ್ನ ಕಡೆ ತಿರುಗಿಯೂ ನೋಡದೆ ಹಾರಿಹೋದವು. ಪ್ರಾಣಿ ಹತ್ತು ಸಲ ನಕ್ಕಿತು. ಹನ್ನೊಂದನೇ ಸಲ ಶೈಲಾ ನಕ್ಕಳು. “ಮೂವತ್ತು ಅಂದ್ರಿ. ಒಂದು ಪುಕ್ಕಾನೂ ಉದುರ್ಲಿಲ್ಲ.”

ಪಿಸ್ತೂಲು ಕೆಟ್ಟಿದೆ ಎಂದುಕೊಂಡು, ಪೇಟೆಯಲ್ಲಿ ಟೀವಿ ರಿಪೇರಿ ಮಾಡುವ ರುದ್ರಪ್ಪನವರ ಬಳಿಗೆ ಒಯ್ದೆ. ಅವರು ಅದನ್ನು ಬಿಚ್ಚಿ, ಒಳಗಿನ ಕಡಲೆಕಾಳಿನಷ್ಟು ಗಾಜಿನ ಕಣ್ಣನ್ನು ಉಜ್ಜಿ, ಮತ್ತೆ ಮುಚ್ಚಿದರು.

“ಪಿಸ್ತೂಲು ಚಲೋ ಐತಿ ಸರ. ನಿಮ್ಮ ಟೀವಿದು ತಪ್ಪು.”

“ಟೀವಿ ಹೊಸದು ರುದ್ರಪ್ಪನವರೇ.”

“ಅದೇ ತಪ್ಪು. ನೋಡ್ರಿ, ಈ ಪಿಸ್ತೂಲಿಂದ ಹೊರಗೇನೂ ಹೋಗಲ್ಲ. ಇದು ನೋಡ್ತೈತಿ ಅಷ್ಟೆ. ನೀವು ಇದರ ಕುದುರೆ, ಅಂದ್ರ ಟ್ರಿಗರ್, ಎಳೆದ ಕೂಡ್ಲೆ ಟೀವಿ ಒಂದು ಗಳಿಗೆ ಕಪ್ಪಾಗಿ, ಹಕ್ಕಿ ಇದ್ದ ಜಾಗ ಮಾತ್ರ ಬೆಳ್ಳಗಾಗ್ತೈತಿ. ಆ ಬೆಳಕು ಬಂದು ಇದರ ಕಣ್ಣಿಗೆ ಬಿದ್ರೆ ಹಕ್ಕಿ ಸತ್ತಂಗೆ. ಹಳೇ ಡಬ್ಬಾ ಟೀವಿ ಚಿತ್ರ ಬಂದ ಕೂಡ್ಲೆ ತೋರಿಸಿಬಿಡ್ತೈತಿ. ಹೊಸಾದು ಒಳಗೆ ತಗಂಡು, ತೊಳೆದು, ಬಳಿದು, ಪೌಡರ್ ಹಾಕಿ ಆಮೇಲೆ ತೋರಿಸ್ತೈತಿ. ಅಷ್ಟ್ರಾಗ ಇದು ಕಣ್ಣು ಮುಚ್ಚಿರ್ತೈತಿ.”

ಇಷ್ಟು ವರ್ಷ ನನ್ನಿಂದ ಹೊರಟ ಗುಂಡು ಹಕ್ಕಿಗೆ ತಗುಲುತ್ತಿತ್ತು ಎಂದು ನಂಬಿದ್ದೆ. ಹೊರಟದ್ದು ಏನೂ ಇಲ್ಲವಂತೆ. ಹಕ್ಕಿಯೇ ಬೆಳಕಾಗಿ ನನ್ನ ಬಳಿಗೆ ಬರುತ್ತಿತ್ತಂತೆ. ನನ್ನ ಬಂದೂಕು ಬಂದೂಕೇ ಅಲ್ಲ, ಬರೀ ಒಂದು ಕಣ್ಣು. ಅದೂ ಎದುರಿಗೆ ತಂದದ್ದನ್ನು ಮಾತ್ರ ನೋಡುವ ಕಣ್ಣು.

ರುದ್ರಪ್ಪನವರ ಅಂಗಡಿಯಲ್ಲಿ ಒಂದು ಡಬ್ಬಾ ಟೀವಿ ಇನ್ನೂ ಉಸಿರಾಡುತ್ತಿತ್ತು. ಅದರ ಮೇಲೆ ಟೀ ಲೋಟ ಇಡುತ್ತಿದ್ದರು. “ಮಾರಲ್ಲ ಸರ, ಇದು ನಮ್ಮ ಮದುವೆ ಟೀವಿ. ಭಾನುವಾರ ಒಂದಿನ ಒಯ್ದು ಆಡ್ರಿ, ಸೋಮವಾರ ವಾಪಸ್ ಬರಬೇಕು” ಅಂದರು. ಲಗೇಜು ಆಟೋದಲ್ಲಿ, ಒಂದು ಕಡೆ ಆಟೋದವರು, ಒಂದು ಕಡೆ ನಾನು, ಮದುಮಗಳನ್ನು ಇಳಿಸಿದಂತೆ ಇಳಿಸಿ ಊಟದ ಮೇಜಿನ ಮೇಲೆ ಕೂರಿಸಿದೆವು. ಬೇರೆ ಎಲ್ಲೂ ಅದು ಹಿಡಿಯಲಿಲ್ಲ. “ಊಟ ಎಲ್ಲಿ ಮಾಡಾನು? ಅದರ ತಲೆ ಮ್ಯಾಲಾ?” ಎಂದು ಶೈಲಾ ಕೇಳಿದ್ದಕ್ಕೆ, ಇತಿಹಾಸಕ್ಕಾಗಿ ಒಂದು ದಿನ ನೆಲದ ಮೇಲೆ ಉಣ್ಣೋಣ ಅಂದೆ.

ರಿಮೋಟಿನಿಂದ ಆಟ ಶುರು ಮಾಡಿ, ಅದನ್ನು ಮೇಜಿನ ಅಂಚಿನಲ್ಲಿಟ್ಟು, ಪಿಸ್ತೂಲು ಹಿಡಿದು ನಿಂತೆ. ಕುದುರೆ ಎಳೆದಾಗ ಪರದೆ ಪಳಕ್ಕೆಂದಿತು. ಆ ಪಳಕು! ಅದನ್ನು ನಾನು ಮರೆತೇಬಿಟ್ಟಿದ್ದೆ. ಎಮ್ಯುಲೇಟರಿನಲ್ಲೂ ಅದು ಇದ್ದಿರಬಹುದು, ಆದರೆ ಅಲ್ಲಿ ಮೈಗೆ ತಗುಲಿರಲಿಲ್ಲ. ಟೀವಿಯ ಗಾಜಿನ ಬೆಚ್ಚನೆ ಧೂಳಿನ ವಾಸನೆ, ಕಿವಿಯಂಚಿನ ಸಣ್ಣ ಕೀರಲು, ಎಲ್ಲ ಒಟ್ಟಿಗೆ ಬಂದು, ಹಿಂದೆ ಗೋಡೆಗೊರಗಿ ಯಾರೋ ಕಾಲು ಚಾಚಿ ಕೂತಿದ್ದಾರೆ ಎಂದೇ ಅನಿಸಿತು. ತಿರುಗಿ ನೋಡಲಿಲ್ಲ. ಅಷ್ಟು ಇತಿಹಾಸ ನನಗೂ ಗೊತ್ತು.

ಹತ್ತಕ್ಕೆ ನಾಲ್ಕು ಬಿದ್ದವು. ಎರಡನೇ ಸಲ ಮೂರು. ಆಟ ನನ್ನನ್ನು ಎರಡನೇ ಸುತ್ತಿಗೂ ಬಿಡಲಿಲ್ಲ. ಪಾಸಾಗುವಷ್ಟು ಅಂಕವೂ ಬರಲಿಲ್ಲ. ಕನ್ನಡಕ ಬದಲಿಸಿದೆ, ಬಾಗಿಲ ಪರದೆ ಎಳೆದೆ, ವಯಸ್ಸಿನ ಮೇಲೆ ತಪ್ಪು ಹೊರಿಸಿದೆ. ಹಕ್ಕಿ ಅಡ್ಡಾದಿಡ್ಡಿ ಹಾರುತ್ತಿತ್ತು, ಗುಡವಿಯ ಹಕ್ಕಿಯಂತೆ. ಇದೇ ಹಕ್ಕಿಯನ್ನು ಒಬ್ಬ ಹನ್ನೊಂದು ವರ್ಷದವನು ಮೂವತ್ತು ಸಲ ಹೊಡೆದನೆಂಬುದನ್ನು, ಅವನು ನಾನಲ್ಲದೆ ಬೇರೆ ಯಾರಾದರೂ ಆಗಿದ್ದರೆ, ಖಂಡಿತ ನಂಬುತ್ತಿರಲಿಲ್ಲ.

ಮೂರನೇ ಸಲದ ನಡುವೆ ಹಕ್ಕಿಗೆ ಹುಚ್ಚು ಹಿಡಿಯಿತು. ಎಡಕ್ಕೆ ಹೋಯಿತು, ಬಲಕ್ಕೆ ಹಾರಿತು, ಮತ್ತೆ ಎಡಕ್ಕೆ ಬಂದು ಮೂಲೆಗೆ ತಲೆ ಚಚ್ಚಿಕೊಂಡಿತು. ಪಕ್ಕಕ್ಕೆ ನೋಡಿದರೆ ಶೈಲಾ ಒದ್ದೆ ಬಟ್ಟೆ ಹಿಡಿದು ರಿಮೋಟು ತಿಕ್ಕುತ್ತಿದ್ದಾಳೆ.

“ಏನು ಮಾಡ್ತಿದ್ದೀಯಾ?”

“ಒರೆಸ್ತಿದ್ದೀನ್ರಿ. ಅಂಟಂಟು ಆಗೈತಿ, ಹಂಗೇ ಮೇಜಿನ ಮ್ಯಾಲೆ ಇಟ್ಟೀರಿ.”

“ಇನ್ನೊಂದ್ಸಲ ಒರೆಸು. ಬಲಗಡೆ ಗುಂಡಿ.”

ಅವಳು ನನ್ನ ಮುಖ ನೋಡಿ, ಬಲಗಡೆಯ ಬಾಣದ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಹಕ್ಕಿ ಬಲಕ್ಕೆ ಹೋಯಿತು. ಎಡಕ್ಕೆ ಒತ್ತಿದಳು, ಎಡಕ್ಕೆ ಬಂತು. ಬಟ್ಟೆ ಹೆಗಲ ಮೇಲೆ ಹಾಕಿಕೊಂಡು, ಕುರ್ಚಿ ಎಳೆದು ಕೂತಳು. ಅವಳಿಗೆ ಖುಷಿ ತಡೆಯಲಾಗಲಿಲ್ಲ. “ಅಯ್ಯ, ನನ್ನ ಮಾತು ಕೇಳ್ತೈತ್ರೀ ಇದು!” ಎಂದು ಹಕ್ಕಿಯನ್ನು ಆಕಾಶದ ನಡುಮಧ್ಯಕ್ಕೆ, ನನ್ನ ಪಿಸ್ತೂಲಿನ ನೇರಕ್ಕೆ ತಂದು, ಅಲ್ಲೇ ಅತ್ತಿತ್ತ ಆಡಿಸುತ್ತ, “ಇಗಾ ಬಂತು ನೋಡ್ರಿ, ಹೊಡೀರಿ” ಅಂದಳು.

ನಾನು ಹೊಡೆಯಲಿಲ್ಲ. ಪಿಸ್ತೂಲು ಇಳಿಸಿ ಅವಳ ಹೆಬ್ಬೆರಳನ್ನೇ ನೋಡುತ್ತ ನಿಂತೆ. ಹೊತ್ತು ಮೀರಿ ಹಕ್ಕಿ ಮೇಲಕ್ಕೆ ಹಾರಿಹೋಯಿತು.

“ಇಷ್ಟು ಹತ್ರ ತಂದುಕೊಟ್ರೂ ಹೊಡೀಲಿಲ್ವಲ್ರೀ!” ಎಂದು ಶೈಲಾ ಹಣೆ ಚಚ್ಚಿಕೊಂಡಳು. ಆ ಮೇಲಿನ ಹತ್ತಕ್ಕೆ ಹತ್ತೂ ಬಿದ್ದವು. ಅವಳು ತರುತ್ತಿದ್ದಳು, ನಾನು ಸುಮ್ಮನೆ ಕುದುರೆ ಎಳೆಯುತ್ತಿದ್ದೆ. “ಈಗ ಹೇಳ್ರಿ, ಯಾರು ಹೊಡೆದಂಗಾತು ಇವನ್ನ?” ಎಂದು ಕೇಳಿದವಳು, ಕೇಳುತ್ತಿದ್ದಂತೆಯೇ ತಡೆದಳು. “ಅಕ್ಕನೂ ಇದನ್ನೇ ಅಲ್ಲೇನ್ರಿ ಹೇಳ್ತಿದ್ದಿದ್ದು?” ಅಂದಳು. ಆಮೇಲೆ ರಿಮೋಟನ್ನು ಇನ್ನೊಮ್ಮೆ, ಈ ಸಲ ಸೆರಗಿನಿಂದ, ಒರೆಸಿ ಮೇಜಿನ ಮೇಲಿಟ್ಟಳು.

ನಮ್ಮ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ: ಕೆಳಗೆ ವೀರ ಕಾದುತ್ತಾನೆ, ಮೇಲೆ ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಅವನ ಕೈಗೆ ಬಾಣ ಎತ್ತಿಕೊಟ್ಟವರು ಎಲ್ಲಿ ಎಂದು ಯಾವ ಹುಡುಗಿಯೂ ಕೇಳಿಲ್ಲ, ನಾನೂ ಕೇಳಿಲ್ಲ. ಆದರೂ ಸಂಶಯದವನು ಅಷ್ಟು ಸುಲಭವಾಗಿ ಸೋಲುವುದಿಲ್ಲ. ಸೋಮವಾರ ಟೀವಿ ವಾಪಸು ಕೊಟ್ಟು ಬರುವಾಗ ದಾರಿಯುದ್ದಕ್ಕೂ ವಾದ ಹೂಡಿದೆ. ರಿಮೋಟಿನಿಂದ ಹಕ್ಕಿ ಚಲಿಸುತ್ತದೆ ಅಂದರೆ ಅಕ್ಕ ಅದನ್ನು ಚಲಿಸುವಂತೆ ಮಾಡಿರಬಹುದು ಎಂದಷ್ಟೇ ಆಯಿತು, ಮಾಡಿದಳು ಎಂದಲ್ಲ. ಇಲ್ಲವೇ, ಅವಳು ಹಕ್ಕಿಗಳನ್ನು ನನ್ನಿಂದ ದೂರ ಎಳೆಯುತ್ತಿದ್ದಳು, ಆದರೂ ಬಿಡದೆ ನಾನು ಮೂವತ್ತನ್ನೂ ಹೊಡೆದೆ ಎಂದೂ ಆಗಬಹುದಲ್ಲ! ಬಸ್‌ಸ್ಟ್ಯಾಂಡ್ ದಾಟುವವರೆಗೆ ಈ ವಾದ ನನಗೆ ಬಹಳ ಹಿಡಿಸಿತು. ದಾಟಿದ ಮೇಲೆ ‘ಇಗಾ ಬಂತು’ ನೆನಪಾಯಿತು. ದೂರ ಎಳೆಯುವವರು ಹಾಗೆ ಕರೆಯುವುದಿಲ್ಲ.

ಡಬ್ಬವನ್ನು ಅದೇ ಸೀರೆಯಲ್ಲಿ ಸುತ್ತಿ ಭಾವನಿಗೆ ಮುಟ್ಟಿಸಿದೆ. ವ್ಯಾಜ್ಯ ಏನಾಯಿತು ಎಂದು ಅವರು ಕೇಳಲಿಲ್ಲ, ನನ್ನ ಮುಖ ನೋಡಿ ಚಹಾ ಮಾಡಿಕೊಟ್ಟರು. ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಮತ್ತೆ ಲ್ಯಾಪ್‌ಟಾಪು ತೆಗೆದು ಕೂತೆ. ಮೊದಲ ಸಲ ಬರೀ ಮೌಸು ಹಿಡಿದಿದ್ದೆ. ಬಾಣದ ಗುಂಡಿಗಳನ್ನು ಮುಟ್ಟಿಯೇ ಇರಲಿಲ್ಲ. ಈಗ ಎಡಗೈಯನ್ನು ಅವುಗಳ ಮೇಲಿಟ್ಟೆ. ಹಕ್ಕಿ ಎದ್ದಿತು. ಎಡಗೈ ಅದನ್ನು ಮೆಲ್ಲಗೆ ನಡುವಿಗೆ ತಂದಿತು, ಬಲಗೈ ಹೊಡೆಯಿತು. ಹಾಗೇ ಬಹಳ ಹೊತ್ತು ಆಡಿದೆ, ಎಡಗೈಯಲ್ಲಿ ಅಕ್ಕ, ಬಲಗೈಯಲ್ಲಿ ತಮ್ಮ. ಎಡಗೈಯ ಕೆಲಸವೇ ಕಷ್ಟದ್ದು ಎಂಬುದು ಎರಡು ನಿಮಿಷದಲ್ಲಿ ಗೊತ್ತಾಯಿತು. ಬಲಗೈಯದು ಯಾರು ಬೇಕಾದರೂ ಮಾಡುವಂಥದ್ದು. ನನ್ನಂಥವನೂ ಮಾಡಿದ್ದನಲ್ಲ.

ಉಳಿದದ್ದೆಲ್ಲ ನನ್ನ ನೆನಪು. ನೀವು ಅದನ್ನು ನಂಬಬೇಕಾಗಿಲ್ಲ, ನಾನೂ ಪೂರ್ತಿ ನಂಬುವುದಿಲ್ಲ. ಆರನೆಯ ಕ್ಲಾಸೋ ಏಳೋ, ಭಾನುವಾರವೋ ಶನಿವಾರವೋ, ಮೂವತ್ತೋ ಇಪ್ಪತ್ತೋ, ನಾಯಿಯೋ ನರಿಯೋ. ಹಳೆಯ ಯಂತ್ರದಲ್ಲೊಮ್ಮೆ, ಅದರ ವೇಷದಲ್ಲೊಮ್ಮೆ, ಎರಡು ಸಲ ಪರೀಕ್ಷಿಸಿ ನಾನು ಖಾತ್ರಿ ಮಾಡಿಕೊಂಡ ಸಂಗತಿ ಒಂದೇ: ಆ ಆಟದಲ್ಲಿ ಪಿಸ್ತೂಲು ಯಾರ ಕೈಯಲ್ಲಿದ್ದರೂ, ಹಕ್ಕಿ ರಿಮೋಟು ಹಿಡಿದವರ ಮಾತು ಕೇಳುತ್ತದೆ.